ಹಗ್ಗ ಹಿಡಿದವರ ವೋಟು

ನಮ್ಮ ಬಡಾವಣೆಯಲ್ಲಿ ಯಾರದು ಯಾವ ಪಕ್ಷ ಎಂದು ತಿಳಿಯಬೇಕಿದ್ದರೆ ನನ್ನ ಹಿಟ್ಟಿನ ಗಿರಣಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು. ಗಿರಣಿ ಓಡುವಾಗ ಗುಟ್ಟು ಹೇಳಲಿಕ್ಕೆ ಆಗುವುದಿಲ್ಲ, ಏನಿದ್ದರೂ ಗಂಟಲು ಹರಿಯುವ ಹಾಗೆ ಕೂಗಬೇಕು. ಗೋಧಿ ತಂದ ನಿವೃತ್ತ ಮಾಸ್ತರರು, "ನಿಮ್ಮ ನಾಯಕನ್ನ ಹಿಡ್ದು ಚಪ್ಪಲೀಲಿ ಹೊಡೀಬೇಕು" ಎಂದು ಕೂಗಿದರೆ, ಅಕ್ಕಿ ತಂದ ಅಡಕೆ ಮಂಡಿಯ ಗುಮಾಸ್ತರು, "ಮೊದಲು ನಿಮ್ಮ ಚಪ್ಪಲಿ ಹುಡುಕ್ಕಳಿ, ನಿಮ್ಮ ಪಕ್ಷದವ್ರೇ ಕದ್ದಿರ್ತ್ರು" ಎಂದು ತಿರುಗಿ ಕೂಗುತ್ತಿದ್ದರು. ಇಬ್ಬರೂ ಮೂಗಿನ ಮೇಲೆ ಹಿಟ್ಟು ಕೂರಿಸಿಕೊಂಡೇ ಮನೆಗೆ ಹೋಗುತ್ತಿದ್ದರು. ನನಗೆ ನಗು ಬರುತ್ತಿತ್ತು. ಆ ಬೈಗುಳದ ಕೊನೆಗೆ ರಕ್ತ ಇದೆ ಎಂದು ಆಗ ಗೊತ್ತಿರಲಿಲ್ಲ.

ಶಿರಸಿ ಪೇಟೆ ಮುಗಿದು ಯಲ್ಲಾಪುರದ ದಾರಿ ಕಾಡು ಸೇರುವ ಮೊದಲು ನಮ್ಮ ಬಡಾವಣೆ ಸಿಗುತ್ತದೆ. ಇಲ್ಲಿಯ ಮೂಲನಿವಾಸಿ ಎಂದರೆ ಮಂಗಗಳು ಮಾತ್ರ. ಉಳಿದವರೆಲ್ಲ ಎಲ್ಲಿಂದಲೋ ಬಂದು ಸೈಟು ತೆಗೆದುಕೊಂಡವರು. ನನ್ನ ತವರು ಸಿದ್ದಾಪುರದ ಹತ್ತಿರ ಕೋಲಸಿರ್ಸಿ. ನಮ್ಮನೆಯವರು ವಜ್ರಳ್ಳಿ ಕಡೆಯವರು, ಬಡಗಿ. ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಬಾಗಿಲು, ಕಿಟಕಿ, ದೇವರ ಮಂಟಪ ಮಾಡುತ್ತಾರೆ. ನಮ್ಮ ಎದುರು ಮನೆಯವರು ಬನವಾಸಿ ಸೀಮೆಯವರು, ಬಸ್ಸಿನಲ್ಲಿ ಕಂಡಕ್ಟರ್ ಆಗಿ ರಿಟೈರಾದವರು. ಇಡೀ ಬಸ್ಸಿಗೆ ಕೇಳುವ ಧ್ವನಿ ಅವರದು, ಅದನ್ನು ಮನೆಯಲ್ಲಿ ಸಣ್ಣ ಮಾಡಲಿಕ್ಕೆ ಬರುವುದೇ ಇಲ್ಲ.

ಬಾಯಲ್ಲಿ ಇಷ್ಟು ಜೋರಿದ್ದ ಜನ ವೋಟಿನ ದಿನ ನಾಪತ್ತೆಯಾಗುತ್ತಿದ್ದರು. ಅರ್ಧದಷ್ಟು ಜನರ ಹೆಸರು ಇನ್ನೂ ಹುಟ್ಟಿದೂರಿನಲ್ಲೇ ಇತ್ತು. ರಜೆ ಸಿಕ್ಕಿತು ಎಂದು ಊರಿಗೆ ಹೋಗಿ, ಉಂಡು, ಮಲಗಿ, ವೋಟು ಮರೆತು ಬರುವರು. ಇಲ್ಲಿ ಹೆಸರಿದ್ದವರಿಗೆ ಬಿಸಿಲು ಹೆಚ್ಚಾಗುತ್ತಿತ್ತು. ಶಾಲೆಯ ಮತಗಟ್ಟೆಯಲ್ಲಿ ಕೂತ ಸಿಬ್ಬಂದಿ ಆಕಳಿಸಿ ಆಕಳಿಸಿ ದವಡೆ ನೋಯಿಸಿಕೊಳ್ಳುವರು. ವೋಟು ಹಾಕಿ ಎಂದು ಬೀದಿ ನಾಟಕದವರು ಬಂದು ಕುಣಿದರು, ಶಾಲೆ ಮಕ್ಕಳು ಬೋರ್ಡು ಹಿಡಿದು ಓಡಾಡಿದರು. ಯಾರ ಮನೆಯ ಗೇಟೂ ತೆರೆಯಲಿಲ್ಲ.

ತಪ್ಪದೆ ಹೋಗುತ್ತಿದ್ದವರು ನಮ್ಮನೆಯವರು ಮತ್ತು ಎದುರು ಮನೆಯವರು. ಒಬ್ಬರದು ಒಂದು ಪಕ್ಷ, ಇನ್ನೊಬ್ಬರದು ಅದರ ಎದುರಿನದು. ಬೆಳಗ್ಗೆ ಹಲ್ಲುಜ್ಜುತ್ತಲೇ ನಮ್ಮ ಕಂಪೌಂಡಿನ ಈಚೆ ಆಚೆ ನಿಂತು ಜಗಳ ಶುರು ಮಾಡುವರು. ಬಾಯಿಯ ನೊರೆ ಒಬ್ಬರ ಮೇಲೊಬ್ಬರಿಗೆ ಹಾರುತ್ತಿತ್ತು. ಒಮ್ಮೆ ಎದುರು ಮನೆಯವರು ತೆಂಗಿನ ಚಿಪ್ಪು ಬೀಸಿ ನಮ್ಮ ಕಿಟಕಿ ಒಡೆದರು. ಒಡೆದ ಕಿಟಕಿಗೆ ನಮ್ಮನೆಯವರು ಹೊಸ ಗಾಜು ಕೂರಿಸುವಾಗ ಏಣಿ ಹಿಡಿದು ನಿಂತವರೂ ಅವರೇ. ಅವರ ಹೆಂಡತಿ ಮತ್ತು ನಾನು ಈ ಇಬ್ಬರು ಕೋಣಗಳ ನಡುವೆ ನಿಂತು ಸೊಪ್ಪಿನ ರೇಟು ಮಾತಾಡುತ್ತಿದ್ದೆವು.

ಅವರಿಬ್ಬರನ್ನು ಕಟ್ಟಿಹಾಕಿದ್ದು ಪಕ್ಷವೂ ಅಲ್ಲ, ಬೀದಿಯೂ ಅಲ್ಲ. ಬೇಡರ ವೇಷ.

ಶಿರಸಿಯವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಮಾರಿಜಾತ್ರೆ ಇಲ್ಲದ ವರ್ಷ, ಹೋಳಿಯ ಮುಂಚಿನ ದಿನಗಳಲ್ಲಿ, ಓಣಿ ಓಣಿಯಿಂದ ಬೇಡ ಹೊರಡುತ್ತಾನೆ. ಬೆನ್ನಿಗೆ ನವಿಲುಗರಿಯ ಹೊರೆ, ಮುಖಕ್ಕೆ ಬಣ್ಣ, ಕೆನ್ನೆ ತುಂಬ ಮೀಸೆ, ಕೈಯಲ್ಲಿ ಕತ್ತಿ ಗುರಾಣಿ. ತಮಟೆ ಬಿದ್ದಂತೆ ಅವನು ಮನುಷ್ಯನಾಗಿ ಉಳಿಯುವುದಿಲ್ಲ, ಜನರ ಮೇಲೆ ನುಗ್ಗುತ್ತಾನೆ. ಅವನ ಸೊಂಟಕ್ಕೆ ಹಗ್ಗ ಕಟ್ಟಿ ಹಿಂದಿನಿಂದ ಎಡಕ್ಕೊಬ್ಬ, ಬಲಕ್ಕೊಬ್ಬ ಹಿಡಿದಿರುತ್ತಾರೆ. ನೋಡುವವರ ಕಣ್ಣೆಲ್ಲ ಬೇಡನ ಮೇಲೆ, ಜೀವ ಮಾತ್ರ ಹಗ್ಗ ಹಿಡಿದವರ ಕೈಯಲ್ಲಿ. ನಮ್ಮ ಓಣಿಯ ತಂಡದಲ್ಲಿ ಬೇಡ ಕಟ್ಟುವವನು ನಲ್ಲಿ ರಿಪೇರಿ ಮಾಡುವವನು, ಮೊಣಕಾಲಲ್ಲಿ ಎತ್ತಿನ ಶಕ್ತಿ. ಎಡಗಡೆಯ ಹಗ್ಗ ನಮ್ಮನೆಯವರದು, ಬಲಗಡೆಯದು ಎದುರು ಮನೆಯವರದು. ನಮ್ಮ ತಂಡಕ್ಕೆ ಒಂದು ಕಟ್ಟಳೆ ಇತ್ತು: ಹಗ್ಗ ಹಿಡಿದವನು ಏನೇ ಆದರೂ ಹಗ್ಗ ಬಿಡಬಾರದು. ಮನೆಗೆ ಬೆಂಕಿ ಬಿದ್ದರೂ, ಹೆತ್ತವರು ಸತ್ತ ಸುದ್ದಿ ಬಂದರೂ, ತಮಟೆ ನಿಂತ ಮೇಲೇ ಬಿಡಬೇಕು.

ಹೋದ ಲೋಕಸಭಾ ಚುನಾವಣೆಯ ವರ್ಷ ಜಾತ್ರೆಯ ವರ್ಷ. ವೇಷ ಕಟ್ಟುವ ಹಾಗೇ ಇಲ್ಲ. ಜಾತ್ರೆ ಮುಗಿದು ದೇವಿ ಗದ್ದುಗೆ ಇಳಿದ ಮೇಲೆ ಪೇಟೆ ತುಂಬ ಬಾವುಟ ಬಿದ್ದವು. ಆ ಸಲ ಜನರ ಮೈಯೊಳಗೆ ಏನು ಹೊಕ್ಕಿತ್ತೋ ನಾನರಿಯೆ. ಗಿರಣಿಯಲ್ಲಿ ಮಾಸ್ತರರೂ ಗುಮಾಸ್ತರೂ ಕೂಗುವುದನ್ನು ಬಿಟ್ಟು ಒಬ್ಬರನ್ನೊಬ್ಬರು ನೋಡದೆ ಚೀಲ ಇಟ್ಟು ಹೋಗತೊಡಗಿದರು. ಬಡಾವಣೆಯ ವಾಟ್ಸಾಪ್ ಗುಂಪು ಒಡೆದು ಎರಡಾಯಿತು. ಬಾವುಟ ಕಿತ್ತವನ ಬೈಕಿನ ಸೀಟು ಸೀಳಿದರು. ಸೀಟು ಸೀಳಿದವನ ತುಳಸಿಕಟ್ಟೆಗೆ ಕಲ್ಲು ಬಿತ್ತು. ನೀರಿನ ಟ್ಯಾಂಕರಿನ ಮುಂದೆ ಇಬ್ಬರು ಹೆಂಗಸರು, ಇಬ್ಬರೂ ಮೊಮ್ಮಕ್ಕಳನ್ನು ಕಂಡವರು, ಜಡೆ ಹಿಡಿದು ನೆಲಕ್ಕೆ ಬಿದ್ದು ಹೊರಳಾಡಿದರು. ಬಿಡಿಸಲು ಹೋದ ನನ್ನ ಮುಂಗೈಗೆ ಒಬ್ಬಳ ಹಲ್ಲು ಕೂತಿತು. ಯಾರ ಹಲ್ಲು ಎಂದು ಈಗಲೂ ಹೇಳುವುದಿಲ್ಲ, ದಿನಾ ನಮ್ಮ ಗಿರಣಿಗೇ ಬರುತ್ತಾಳೆ.

ಅಷ್ಟರಲ್ಲಿ ಎದುರು ಮನೆಯವರ ಪಕ್ಷದವರಿಗೆ ಮೆರವಣಿಗೆಯಲ್ಲಿ ಬೇಡನನ್ನು ಕುಣಿಸುವ ಉಮೇದು ಬಂತು. ನಲ್ಲಿಯವನು ಹೂಂ ಎಂದುಬಿಟ್ಟ. ನಮ್ಮ ತಂಡದ ಕತ್ತಿ ಅಜ್ಜನ ಕಾಲದ್ದು, ಮೊಂಡು, ಸೌತೆಕಾಯಿಯನ್ನೂ ಕೊಯ್ಯಲಾರದು. ವಿಡಿಯೋದಲ್ಲಿ ಹೊಳೆಯಬೇಕು ಎಂದು ಪಕ್ಷದವರು ಅದನ್ನು ಒಯ್ದು ಸಾಣೆ ಹಿಡಿಸಿ ತಂದರು. ಎದುರು ಮನೆಯವರು ಬಲಗಡೆಯ ಹಗ್ಗಕ್ಕೆ ತಯಾರಾದರು. ಎಡಗಡೆಗೆ ಯಾರು?

ಅವರು ನಮ್ಮ ಜಗುಲಿಗೆ ಬಂದು ಕೂತರು. ಆ ದಿನ ಅವರ ಧ್ವನಿ ಸಣ್ಣಗಿತ್ತು.

"ನೀ ಬರಬೇಕಲೇ ದೋಸ್ತ."

"ತಲೆ ಸಮ ಇದ್ಯಾ ನಿಂಗೆ? ನಿಮ್ಮ ಪಕ್ಷದ ಮೆರವಣಿಗೆಗೆ ನಾ ಎಂತಕ್ಕೆ ಬರ್ಲಿ?" ಎಂದು ನಮ್ಮನೆಯವರು ಹಲಗೆಗೆ ಕೀಸುಳಿ ಹೊಡೆಯುವುದನ್ನು ನಿಲ್ಲಿಸದೆ ಕೇಳಿದರು. "ಅದೂ ಜಾತ್ರೆ ವರ್ಷ. ಮಾಡಬಾರ್ದು ಇದನ್ನ. ನಲ್ಲಿಯವನ ಹತ್ರ ಹೇಳು, ಬ್ಯಾಡಾ ಹೇಳಿ."

"ಹೇಳೀನಿ. ಕೇಳವಲ್ಲ. ನೀ ಬರಲಿಲ್ಲಂದ್ರ ಪ್ಯಾಟಿಯಿಂದ ಯಾವನ್ನೋ ಕರಕೊಂಡು ಬರ್ತಾರ. ಅವಗ ಹಗ್ಗಾ ಹಿಡ್ಯಾಕ ಬರಂಗಿಲ್ಲ. ಆ ಕತ್ತಿಗಿ ಸಾಣಿ ಹಿಡಿಸ್ಯಾರ. ಯಾರರ ಸಾಯ್ತಾರ."

ಕೀಸುಳಿ ನಿಂತಿತು. ನನ್ನ ಗಂಡ ಹೋಗುತ್ತಾರೆ ಎಂದು ಆ ಕ್ಷಣಕ್ಕೇ ನನಗೆ ಗೊತ್ತಾಯಿತು. "ನೀವು ಹೋದ್ರೆ ನಿಮ್ಮ ಪಕ್ಷದವ್ರೇ ನಿಮ್ಮ ಚರ್ಮ ಸುಲೀತ್ರು" ಎಂದೆ. "ಸುಲೀಲಿ" ಎಂದರು. "ಹಗ್ಗ ಹಿಡೂಕೆ ಪಕ್ಷ ಎಂತದೇ?" ಎಂದರು. ನಾನು ಆ ರಾತ್ರಿ ಅವರಿಗೆ ಊಟ ಬಡಿಸಲಿಲ್ಲ. ಅವರೇ ಬಡಿಸಿಕೊಂಡು ಉಂಡರು.

ಮೆರವಣಿಗೆ ಬಂದದ್ದು ಬೆಳಗಿನ ಬಿಸಿಲಿನಲ್ಲಿ. ನಮ್ಮ ಬಡಾವಣೆಯ ಸರ್ಕಲ್ಲು ಗಿರಣಿಯ ಬಾಗಿಲಿಗೇ ಕಾಣುತ್ತದೆ. ಮುಂದೆ ತಮಟೆ, ಅದರ ಹಿಂದೆ ಬೇಡ, ಅವನ ಹಿಂದೆ ಹಗ್ಗ ಹಿಡಿದ ಇಬ್ಬರು ಗೆಳೆಯರು. ಒಬ್ಬರ ಹೆಗಲಲ್ಲಿ ಪಕ್ಷದ ಶಾಲು ಇತ್ತು. ನಮ್ಮನೆಯವರು ಬರಿಯ ಬನಿಯನ್ನಿನಲ್ಲಿದ್ದರು. ಬೇಡ ಮುಂದೆ ನುಗ್ಗಿದಾಗಲೆಲ್ಲ ಇಬ್ಬರೂ ಹಿಮ್ಮಡಿ ಊರಿ ಹಿಂದಕ್ಕೆ ವಾಲುವರು. ಒಬ್ಬರನ್ನೊಬ್ಬರು ನೋಡುವುದೂ ಬೇಡ, ಎರಡು ಮೈಗೂ ಒಂದೇ ಜಗ್ಗು. ಸಿಟ್ಟಿನಲ್ಲೂ ನನಗೆ ಹೆಮ್ಮೆ ಅನಿಸಿತು. ಸುಳ್ಳು ಯಾಕೆ ಹೇಳಲಿ?

ಸರ್ಕಲ್ಲಿನಲ್ಲಿ ನಮ್ಮನೆಯವರ ಪಕ್ಷದ ಹುಡುಗರು ಕಾದು ನಿಂತಿದ್ದರು. ಕೈಯಲ್ಲಿ ಬಾವುಟದ ಬಿದಿರು ಕೋಲು. ಅವರಿಗೆ ಎದುರಿನ ಪಕ್ಷದ ಮೇಲಿನದಕ್ಕಿಂತ ತಮ್ಮವರೇ ಅಲ್ಲಿ ಹಗ್ಗ ಹಿಡಿದದ್ದರ ಮೇಲೆ ಉರಿ. "ಮಾರ್ಕೊಂಡ್ಯೇನೋ ಬಡಗೀ?" ಎಂದು ಒಬ್ಬ ಕೂಗಿದ. ನಮ್ಮನೆಯವರು ತಿರುಗಲಿಲ್ಲ. ಬೆನ್ನಿಗೆ ಮೊದಲನೆಯ ಪೆಟ್ಟು ಬಿತ್ತು. ತಿರುಗಲಿಲ್ಲ. ಕುತ್ತಿಗೆಗೆ ಬಿತ್ತು, ಕಿವಿಗೆ ಬಿತ್ತು. ಕಿವಿಯಿಂದ ರಕ್ತ ಹೆಗಲಿಗೆ ಇಳಿಯಿತು. ಮೊಣಕಾಲು ಕುಸಿದರೂ ಹಗ್ಗ ಮುಂಗೈಗೆ ಸುತ್ತಿಕೊಂಡು ಹಾಗೇ ಕೂತರು. ನಾನು ಕೂಗಿದ್ದು ತಮಟೆಯಲ್ಲಿ ಮುಳುಗಿಹೋಯಿತು. ತಮಟೆಯವರು ಮುಂದೆ ನೋಡುತ್ತ ಇನ್ನೂ ಜೋರು ಬಡಿಯುತ್ತಿದ್ದರು.

ಆಗ ಎದುರು ಮನೆಯವರು ಹಗ್ಗ ಬಿಟ್ಟರು.

ನನ್ನ ಕಣ್ಣಾರೆ ಕಂಡೆ. ಎರಡೂ ಕೈ ಬಿಚ್ಚಿ, ಹಗ್ಗ ನೆಲಕ್ಕೆ ಬಿಟ್ಟರು. ಒಂದೇ ಕಡೆಯ ಜಗ್ಗಿಗೆ ಬೇಡ ಗಿರ್ರನೆ ಹಿಂದಕ್ಕೆ ತಿರುಗಿದ. ಬಣ್ಣ ಬೆವರಲ್ಲಿ ಇಳಿದು ಅವನ ಕಣ್ಣು ಮುಚ್ಚಿತ್ತು. ಯಾರು, ಏನು ಎಂದು ಅವನಿಗೆ ಕಾಣಲಿಲ್ಲ. ಎಳೆಯುತ್ತಿದ್ದ ಹಗ್ಗದ ಕಡೆಗೆ ಕತ್ತಿ ಬೀಸಿದ. ಹಗ್ಗದ ಮೇಲೆ ಮುಂದಿದ್ದದ್ದು ನನ್ನ ಗಂಡನ ಎಡಗೈ.

ತೋರುಬೆರಳೂ ನಡುಬೆರಳೂ ಡಾಂಬರಿನ ಮೇಲೆ ಬಿದ್ದವು. ಆಮೇಲೆ ತಮಟೆ ನಿಂತಿತು. ನಮ್ಮನೆಯವರು ಆಗ ಹಗ್ಗ ಬಿಟ್ಟರು.

ಗಿರಣಿಯಲ್ಲಿ ಕಾಳು ಸಿಕ್ಕಿಕೊಂಡರೆ ಬಡಿಯಲು ಒಂದು ಮರದ ಕೊಡತಿ ಇಟ್ಟಿದ್ದೇನೆ. ಅದು ನನ್ನ ಕೈಗೆ ಹೇಗೆ ಬಂತೋ, ಸರ್ಕಲ್ಲಿಗೆ ಹೇಗೆ ಓಡಿದೆನೋ. ಎದುರು ಮನೆಯವರು ಬಿದಿರು ಕೋಲಿನ ಹುಡುಗನೊಬ್ಬನ ಕುತ್ತಿಗೆ ಹಿಡಿದು ನೆಲಕ್ಕೆ ಕೆಡವಿ ಗುದ್ದುತ್ತಿದ್ದರು. ಯಾರನ್ನು, ಯಾಕೆ ಎಂದು ನಾನು ನೋಡಲಿಲ್ಲ. ಹಗ್ಗ ಬಿಟ್ಟ ಮನುಷ್ಯ ಇವನು, ಅಷ್ಟೇ ಕಂಡಿತು. ಹಣೆಗೆ ಕೊಡತಿ ಬೀಸಿದೆ. ಅವರು ಮಗುಚಿ ಬಿದ್ದರು. ಇನ್ನೊಮ್ಮೆ ಎತ್ತಿದೆ, ಅಷ್ಟರಲ್ಲಿ ಅವರ ಹೆಂಡತಿ ನನ್ನ ಸೊಂಟ ತಬ್ಬಿಕೊಂಡು, "ಅಕ್ಕಾ, ನಿಮ್ಮ ಕಾಲಿಗಿ ಬೀಳ್ತೀನಿ" ಎಂದು ಚೀರಿದಳು. ಅವಳು ತಬ್ಬದಿದ್ದರೆ ಒಂದು ಹೆಣ ಬೀಳುತ್ತಿತ್ತು. ನಾನು ಹೊಡೆದದ್ದಕ್ಕೆ ನನಗೆ ಬೇಜಾರಿಲ್ಲ. ಇದನ್ನು ಬರೆಯುವಾಗಲೂ ಕೈ ಬಿಗಿಯುತ್ತದೆ.

ಬೆರಳುಗಳನ್ನು ಯಾರೋ ಎಳನೀರು ಅಂಗಡಿಯ ಐಸಿನಲ್ಲಿ ಕಟ್ಟಿಕೊಟ್ಟರು. ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಐಸು ಕರಗಿ, ಅವು ಕೂಡುವ ಸ್ಥಿತಿಯಲ್ಲಿ ಇರಲಿಲ್ಲ. ಬಡಗಿಗೆ ಎಡಗೈ ಎಂದರೆ ಏನು ಎಂದು ಡಾಕ್ಟರಿಗೆ ಹೇಳಲು ಹೋಗಿ ನಾನು ಬಾಯಿಬಿಟ್ಟು ಅತ್ತೆ. ಉಳಿ ಹಿಡಿಯುವುದು ಆ ಕೈ, ಗೆರೆಗೆ ಸರಿಯಾಗಿ ಹಲಗೆ ಒತ್ತುವುದು ಆ ಕೈ. ಬಲಗೈ ಬರೀ ಹೊಡೆಯುತ್ತದೆ.

ಮಾರನೆಯ ದಿನ ನಮ್ಮನೆಯವರ ಪಕ್ಷದವರು ಸೇಬಿನ ಬುಟ್ಟಿ, ಕ್ಯಾಮರಾ ಎರಡನ್ನೂ ಹಿಡಿದು ವಾರ್ಡಿಗೆ ಬಂದರು. "ನಮ್ಮ ಕಾರ್ಯಕರ್ತನ ಕೈ ಕಡಿದ ರಾಕ್ಷಸರಿಗೆ ಜನ ಮತದಿಂದ ಉತ್ತರ ಕೊಡ್ತಾರೆ" ಎಂದು ಒಬ್ಬ ಕ್ಯಾಮರಾಕ್ಕೆ ಹೇಳತೊಡಗಿದ. ಹಿಂದಿನ ದಿನ ಬೆನ್ನಿಗೆ ಬಾರಿಸಿದ ಹುಡುಗನೇ ಬುಟ್ಟಿ ಹೊತ್ತು ನಿಂತಿದ್ದ. ನಮ್ಮನೆಯವರು ಮಲಗಿದಲ್ಲಿಂದಲೇ ಕಾಲು ಬೀಸಿ ಬುಟ್ಟಿ ಒದ್ದರು. ಸೇಬು ವಾರ್ಡು ತುಂಬ ಉರುಳಿದವು. ನಾನು ಒಂದನ್ನು ಎತ್ತಿ ಆ ಹುಡುಗನ ಮೂತಿಗೆ ಎಸೆದೆ, ಗುರಿ ತಪ್ಪಲಿಲ್ಲ.

ಅವರು ಹೋದ ಮೇಲೆ ನಾನು ಎದುರು ಮನೆಯವರಿಗೆ ಶಾಪ ಹಾಕತೊಡಗಿದೆ. "ಪಕ್ಷದ ಹೊಟ್ಟೆಕಿಚ್ಚಿಗೆ ಹಗ್ಗ ಬಿಟ್ಟ, ಅವನ ಕೈಗೆ ಹುಳ ಬೀಳ್ಲಿ" ಎಂದೆ.

"ಬಾಯ್ಮುಚ್ಚು" ಎಂದರು ನಮ್ಮನೆಯವರು. "ಹೊಟ್ಟೆಕಿಚ್ಚಿಗೆ ಬಿಟ್ಟದ್ದಲ್ಲ. ನಂಗೆ ಬಡೀತಿದ್ದವನ್ನ ಹಿಡೂಕೆ ಬಿಟ್ಟ. ನನ್ನ ಸಲುವಾಗಿ ಬಿಟ್ಟ."

ಎದುರು ಮನೆಯವರು ಕೆಡವಿ ಗುದ್ದುತ್ತಿದ್ದದ್ದು ನಮ್ಮನೆಯವರಿಗೆ ಬಡಿದ ಹುಡುಗನನ್ನು ಎಂದು ಆಗ ನೆನಪಾಯಿತು. "ಹಂಗಾದ್ರೆ..." ಎಂದೆ.

"ಹಂಗಾದ್ರೆ ಎಂತಾ? ಅದಕ್ಕೇ ಅವನ ಮುಖ ನೋಡೂದಿಲ್ಲ ನಾನು. ನಂಗೆ ಅವ್ರು ಹೊಡದು ಸಾಯಿಸ್ಲಿ, ಅವ ಹಗ್ಗ ಬಿಡಬಾರ್ದಿತ್ತು. ಬೇಡ ಜನರ ಮೇಲೆ ಹೋಗಿದ್ರೆ? ಅಲ್ಲಿ ಮಕ್ಕಳು ಹೆಂಗಸ್ರು ನಿಂತಿದ್ರು. ನಾ ಪೆಟ್ಟು ತಿಂದದ್ದು ಎಂತಕ್ಕೆ ಹಂಗಾದ್ರೆ?"

ಹೊಟ್ಟೆಕಿಚ್ಚಿಗೆ ಬಿಟ್ಟಿದ್ದರೆ ಬಹುಶಃ ಕ್ಷಮಿಸುತ್ತಿದ್ದರು. ಪ್ರೀತಿಗೆ ಬಿಟ್ಟದ್ದನ್ನು ಕ್ಷಮಿಸಲು ಅವರಿಂದ ಆಗಲಿಲ್ಲ. ಗಂಡಸರ ಈ ನ್ಯಾಯ ನನ್ನ ತಲೆಗೆ ಹತ್ತುವುದಿಲ್ಲ. ಆದರೆ ಬೆರಳು ಕಳೆದುಕೊಂಡವರು ಅವರು, ನ್ಯಾಯವೂ ಅವರದೇ.

ನಾವು ಮನೆಗೆ ಮರಳುವಷ್ಟರಲ್ಲಿ ಬಡಾವಣೆ ಹುಚ್ಚೆದ್ದಿತ್ತು. ಎದುರು ಮನೆಯ ಕಿಟಕಿಗಳಲ್ಲಿ ಒಂದಕ್ಕೂ ಗಾಜಿರಲಿಲ್ಲ. ಅವರ ಸ್ಕೂಟರು ಸುಟ್ಟು ಕರಿ ಅಸ್ಥಿಯಾಗಿ ಗೇಟಿನ ಮುಂದೆ ನಿಂತಿತ್ತು. ಅದಕ್ಕೆ ಸೇಡು ಎಂದು ಇನ್ನೊಂದು ಕಡೆಯವರು ಮಾಸ್ತರರನ್ನು ವಾಕಿಂಗ್ ಹೋದಲ್ಲಿ ಅಡ್ಡಗಟ್ಟಿ ಚರಂಡಿಗೆ ಕೆಡವಿದ್ದರು. ನಲ್ಲಿಯವನು ಪೊಲೀಸರ ವಿಚಾರಣೆ ಮುಗಿಸಿ ಯಲ್ಲಾಪುರದ ಅಕ್ಕನ ಮನೆ ಸೇರಿದ್ದ, ಅನ್ನ ನುಂಗುತ್ತಿರಲಿಲ್ಲವಂತೆ. ಸರ್ಕಲ್ಲಿನಲ್ಲಿ ಪೊಲೀಸ್ ವ್ಯಾನು. ಎರಡೂ ಪಕ್ಷದವರು ನನ್ನ ಗಂಡನ ಎರಡು ಬೆರಳುಗಳನ್ನು ಮೈಕಿನಲ್ಲಿ ಹಂಚಿಕೊಂಡು ತಿನ್ನುತ್ತಿದ್ದರು. ಒಬ್ಬರು ನಮ್ಮವನನ್ನು ಕಡಿದರು ಎಂದರು. ಇನ್ನೊಬ್ಬರು, ತಮ್ಮವನನ್ನೇ ಬಡಿದ ಪಾಪಿಗಳು ಎಂದರು. ಎರಡೂ ಮಾತು ನಿಜವೇ, ಆದರೂ ಕೇಳಿದಾಗ ವಾಂತಿ ಬರುತ್ತಿತ್ತು.

ವೋಟಿನ ದಿನ ಬೆಳಗ್ಗೆ ಶಾಲೆಯ ಗೇಟಿನಿಂದ ನಮ್ಮ ಗಿರಣಿಯವರೆಗೆ ಸಾಲು. ಬಿಸಿಲಿಗೆ ಹೆದರುವವರು, ಊರಿಗೆ ಉಣ್ಣಲು ಹೋಗುವವರು, ಮಲಗಿದಲ್ಲಿಂದ ಏಳದ ಮುದುಕಿಯರು, ಎಲ್ಲರೂ ಬಂದಿದ್ದರು. ಬೀದಿ ನಾಟಕಕ್ಕೆ ಅಲ್ಲಾಡದವರು ರಕ್ತಕ್ಕೆ ಬಂದರು. ಹಲ್ಲು ಕಚ್ಚಿಕೊಂಡು ಗುಂಡಿ ಒತ್ತಿ, ಕೈಗೆ ಸಿಕ್ಕವನ ಕಣ್ಣು ಕಿತ್ತ ಸಮಾಧಾನದಲ್ಲಿ ಹೊರಬೀಳುತ್ತಿದ್ದರು. ತಪಾಸಣೆಗೆ ಬಂದ ಸಾಹೇಬರೊಬ್ಬರು ಸಾಲು ನೋಡಿ, "ಎಂಥಾ ಜಾಗೃತ ಮತದಾರರು!" ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ನನಗೆ ಅವರ ಮೊಬೈಲು ಕಸಿದು ಬಾವಿಗೆ ಎಸೆಯಬೇಕು ಅನಿಸಿತು.

ನಮ್ಮನೆಯವರು ನನ್ನ ಮುಂದೆ ನಿಂತಿದ್ದರು. ಸ್ವಲ್ಪ ಹಿಂದೆ ಎದುರು ಮನೆಯವರು, ಹಣೆಯ ಮೇಲೆ ನನ್ನ ಕೊಡತಿಯ ಗಾಯ ಹಕ್ಕಳೆಗಟ್ಟಿತ್ತು. ಅವರ ಸುತ್ತ ಜಾಗ ಬಿಟ್ಟು ಜನ ನಿಂತಿದ್ದರು. ಅವರ ಪಕ್ಷದವರು ಕೂಡ, ಹಗ್ಗ ಬಿಟ್ಟವನು ಎಂದು. ಸಾಲು ಸರಿದಂತೆ ಅವರು ನೆಲ ನೋಡುತ್ತ ಸರಿಯುತ್ತಿದ್ದರು.

ಒಳಗೆ ಶಾಯಿ ಹಚ್ಚುವ ಹುಡುಗಿ ರೂಢಿಯಂತೆ ತಲೆ ಎತ್ತದೆ, "ಎಡಗೈ ತೋರುಬೆರಳು" ಎಂದಳು. ನಮ್ಮನೆಯವರು ಕೈ ಮುಂದೆ ಇಟ್ಟರು. ಬ್ಯಾಂಡೇಜು ಹಿಂದಿನ ದಿನ ಬಿಚ್ಚಿದ್ದರು, ಗಾಯದ ತುದಿ ಇನ್ನೂ ಹಸಿ. ಹುಡುಗಿಯ ಕೈಯ ಕಡ್ಡಿ ಗಾಳಿಯಲ್ಲೇ ನಿಂತಿತು. ಪಕ್ಕದ ಅಧಿಕಾರಿ ಮೆಲ್ಲಗೆ, "ಅದಿಲ್ಲದಿದ್ರೆ ಅದರ ಮುಂದಿನ ಬೆರಳು" ಎಂದರು. ಮುಂದಿನದೂ ಇರಲಿಲ್ಲ. ಕೊನೆಗೆ ಉಂಗುರದ ಬೆರಳಿಗೆ ಹಚ್ಚಿದಳು. ಶಾಯಿ ಉಗುರು ದಾಟಿ ಹರಿಯಿತು.

ನಾವಿಬ್ಬರೂ ಹಾಕಿ ಹೊರಗೆ ಬಂದು ಶಾಲೆಯ ಅಂಗಳದಲ್ಲಿ ನಿಂತೆವು. ಹೋಗೋಣ ಎಂದೆ. ನಮ್ಮನೆಯವರು ಕದಲಲಿಲ್ಲ, ಬಾಗಿಲನ್ನೇ ನೋಡುತ್ತಿದ್ದರು. ಎದುರು ಮನೆಯವರು ಹೊರಗೆ ಬಂದರು. ನಮ್ಮನ್ನು ಕಂಡು ನಿಂತರು, ಮತ್ತೆ ನಡೆದರು, ನೇರ ನಮ್ಮೆದುರಿಗೇ ಬಂದರು. ಗೇಟಿನ ಪೊಲೀಸು ಲಾಠಿ ಹಿಡಿದು ನೆಟ್ಟಗಾದ.

"ದೋಸ್ತ" ಎಂದರು ಅವರು. "ಈ ಸಲ ನಿನ್ನ ಪಕ್ಷಕ್ಕ ಹಾಕೀನಿ. ದೇವರಾಣಿ. ನನ್ನ ಕಡೆಯಿಂದ ಇನ್ನೇನೂ ಕೊಡಾಕ ಆಗಲಿಲ್ಲ."

ನಮ್ಮನೆಯವರು ಎಡಗೈ ಎತ್ತಿ, ಆ ಹಸಿ ಗಾಯದ ಕೈಯಿಂದಲೇ, ಅವರ ಕೆನ್ನೆಗೆ ಬಾರಿಸಿದರು. ಗಾಯ ಬಿರಿದು ಕೆನ್ನೆಯ ಮೇಲೆ ರಕ್ತ ಮೂಡಿತು.

"ಅದನ್ನೂ ಬಿಟ್ಯೇನೋ?" ಎಂದು ಕೂಗಿದರು. ಆ ಮೆರವಣಿಗೆಯ ನಂತರ ಅವರಿಗೆ ಆಡಿದ ಮೊದಲನೆಯ ಮಾತು ಅದು. "ನನ್ನ ಸಲುವಾಗಿ ಹಗ್ಗ ಬಿಟ್ಟೆ. ನನ್ನ ಸಲುವಾಗಿ ಪಕ್ಷನೂ ಬಿಟ್ಯೇನೋ? ನಿಂಗೆ ಯಾವ್ದನ್ನೂ ಹಿಡ್ಕಂಡು ನಿಲ್ಲೂಕೆ ಬರೂದಿಲ್ವೇನೋ, ದರಿದ್ರಾ?"

ಪೊಲೀಸು ಓಡಿಬಂದ. ಎದುರು ಮನೆಯವರು ಒಂದು ಕೈ ಅಡ್ಡ ಹಿಡಿದು ಅವನನ್ನು ತಡೆದರು. ಕೆನ್ನೆ ಒರೆಸಿಕೊಳ್ಳಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ.

"ಇನ್ನೊಂದು ಹೊಡಿ" ಎಂದರು.

ನಮ್ಮನೆಯವರು ಇನ್ನೊಂದು ಹೊಡೆದರು.